ರಸಾಯನಶಾಸ್ತ್ರ ಬೋಧನಾ ಸಾಮಗ್ರಿಗಳನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳುವುದು: ಶಿಕ್ಷಕರಿಗೆ ಮಾಹಿತಿ

ಪೀಠಿಕೆ

ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತದಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವ ಶಿಕ್ಷಕರು ತರಗತಿಗಾಗಿ ಪಾಠಯೋಜನೆ, ಅಭ್ಯಾಸಹಾಳೆ, ಪ್ರಶ್ನೆಕೋಶ, ಪ್ರಯೋಗದ ವಿವರಣೆ, ಚಿತ್ರ, ವೀಡಿಯೊ ಮುಂತಾದವುಗಳನ್ನು ಸಿದ್ಧಪಡಿಸುತ್ತಾರೆ. ಬಹುಕಾಲದವರೆಗೆ ಇವು ಶಿಕ್ಷಕರ ಟಿಪ್ಪಣಿ ಪುಸ್ತಕದಲ್ಲಿಯೇ ಉಳಿದು, ಅವರು ವರ್ಗಾವಣೆಯಾದಾಗ ಅಥವಾ ನಿವೃತ್ತರಾದಾಗ ಅವರೊಂದಿಗೇ ಶಾಲೆಯಿಂದ ಹೊರಟುಹೋಗುತ್ತಿದ್ದವು. ಅಂತರ್ಜಾಲದ ಬಳಕೆ ವ್ಯಾಪಕವಾದ ನಂತರ ಇವುಗಳನ್ನು ಇತರ ಶಾಲೆಗಳ ಶಿಕ್ಷಕರಿಗೆ ತಲುಪಿಸುವುದು ಸುಲಭಸಾಧ್ಯವಾಗಿದೆ.

ಕರ್ನಾಟಕದ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರದ ಪಾಠಗಳನ್ನು ಸಾಮಾನ್ಯವಾಗಿ ಸಿ.ಬಿ.ಝಡ್. ವಿಭಾಗದ ವಿಜ್ಞಾನ ಶಿಕ್ಷಕರು ಜೀವಶಾಸ್ತ್ರದೊಂದಿಗೆ ಬೋಧಿಸುತ್ತಾರೆ. ಗ್ರಾಮೀಣ ಶಾಲೆಗಳಲ್ಲಿ ಈ ವಿಷಯಕ್ಕೆ ಒಬ್ಬರೇ ಶಿಕ್ಷಕರಿರುವುದು ವಿರಳವಲ್ಲ. ಪ್ರಯೋಗವೊಂದು ಪುಸ್ತಕದಲ್ಲಿ ಹೇಳಿದಂತೆ ನಡೆಯದಿದ್ದಲ್ಲಿ ಕಾರಣವನ್ನು ಚರ್ಚಿಸಲು ಅದೇ ವಿಷಯದ ಸಹೋದ್ಯೋಗಿ ಪಕ್ಕದ ಕೊಠಡಿಯಲ್ಲಿ ದೊರೆಯುವುದಿಲ್ಲ. ಹಂಚಿಕೆಯ ಪ್ರಯೋಜನ ಮುಖ್ಯವಾಗಿ ಇಂತಹ ಶಿಕ್ಷಕರಿಗೆ ಸಲ್ಲುತ್ತದೆ. ಆದರೆ ಅದೇ ಕಾರಣದಿಂದ ತಪ್ಪು ಅಥವಾ ಅಪೂರ್ಣ ಸಾಮಗ್ರಿಯ ಪರಿಣಾಮವೂ ಅವರ ಮೇಲೆಯೇ ಹೆಚ್ಚು. ಇತಿಹಾಸದ ಟಿಪ್ಪಣಿಯಲ್ಲಿ ಒಂದು ಇಸವಿ ತಪ್ಪಾದರೆ ಮುಂದಿನ ತರಗತಿಯಲ್ಲಿ ತಿದ್ದಬಹುದು; ಆಮ್ಲದ ಪ್ರಮಾಣ ತಪ್ಪಾದರೆ ಮಗುವಿನ ಕಣ್ಣಿಗೆ ಅಪಾಯವಾಗಬಹುದು. ಆದುದರಿಂದ ರಸಾಯನಶಾಸ್ತ್ರದ ಸಾಮಗ್ರಿಯನ್ನು ಹಂಚಿಕೊಳ್ಳುವವರು ಮತ್ತು ಪಡೆಯುವವರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಪರಿಭಾಷೆಯು 2002ರಲ್ಲಿ ಯುನೆಸ್ಕೋ ಸಂಸ್ಥೆಯು ಪ್ಯಾರಿಸ್‌ನಲ್ಲಿ ನಡೆಸಿದ ಸಭೆಯಲ್ಲಿ ರೂಪುಗೊಂಡಿತು. ಯಾರು ಬೇಕಾದರೂ ವೆಚ್ಚವಿಲ್ಲದೆ ಪಡೆದು, ಬಳಸಿ, ತಮ್ಮ ಅಗತ್ಯಕ್ಕೆ ಮಾರ್ಪಡಿಸಿ, ಪುನಃ ಹಂಚಲು ಮೊದಲೇ ಅನುಮತಿ ನೀಡಲಾಗಿರುವ ಕಲಿಕಾ ಸಾಮಗ್ರಿ ಎಂಬುದು ಇದರ ಅರ್ಥ. 2019ರ ನವೆಂಬರ್‌ನಲ್ಲಿ ಯುನೆಸ್ಕೋದ ಸಾಮಾನ್ಯ ಸಮ್ಮೇಳನವು ಈ ವಿಷಯದಲ್ಲಿ ಸದಸ್ಯ ರಾಷ್ಟ್ರಗಳಿಗೆ ಶಿಫಾರಸನ್ನು ಅಂಗೀಕರಿಸಿತು.

ಭಾರತದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ರಾಷ್ಟ್ರೀಯ ಭಂಡಾರವು 2013ರ ಆಗಸ್ಟ್‌ನಲ್ಲಿಯೂ, ದೀಕ್ಷಾ ವೇದಿಕೆಯು 2017ರ ಸೆಪ್ಟೆಂಬರ್ 5ರಂದು ಶಿಕ್ಷಕರ ದಿನಾಚರಣೆಯ ಸಂದರ್ಭದಲ್ಲಿಯೂ ಪ್ರಾರಂಭವಾದವು. ಪಠ್ಯಪುಸ್ತಕದ ಪುಟಗಳಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತವನ್ನು ಮೊಬೈಲ್‌ನಿಂದ ಓದಿಸಿದಾಗ ತೆರೆದುಕೊಳ್ಳುವ ಪಾಠಗಳು ದೀಕ್ಷಾ ವೇದಿಕೆಗೆ ಸೇರಿದವು. ಕರ್ನಾಟಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದಿನ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯು ರೂಪುಗೊಂಡಿತು. ಸಿದ್ಧ ಪಾಠಗಳನ್ನು ಶಿಕ್ಷಕರಿಗೆ ಒದಗಿಸುವುದಕ್ಕಷ್ಟೇ ಸೀಮಿತವಾಗದೆ, ಸರ್ಕಾರಿ ಶಾಲೆಗಳ ಶಿಕ್ಷಕರೇ ಸಾಮಗ್ರಿಯನ್ನು ಬರೆದು ಸೇರಿಸುವ ಕ್ರಮವನ್ನು ಅದು ಅನುಸರಿಸಿದ್ದು ಗಮನಾರ್ಹ.

ಪ್ರಯೋಗದ ವಿವರಣೆಯನ್ನು ಬರೆಯುವ ಕ್ರಮ

ರಸಾಯನಶಾಸ್ತ್ರ ಸಾಮಗ್ರಿಯಲ್ಲಿ ಅತಿ ಹೆಚ್ಚು ಉಪಯುಕ್ತವಾದದ್ದೂ, ಅತಿ ಹೆಚ್ಚು ಅಪೂರ್ಣವಾಗಿ ಬರೆಯಲ್ಪಡುವುದೂ ಪ್ರಯೋಗದ ವಿವರಣೆಯೇ. ಬರೆಯುವ ಶಿಕ್ಷಕರಿಗೆ ತಮ್ಮ ಪ್ರಯೋಗಾಲಯದ ಪರಿಸ್ಥಿತಿ ಮನಸ್ಸಿನಲ್ಲಿರುತ್ತದೆ. ಅದನ್ನು ಹಾಳೆಯ ಮೇಲೆ ಬರೆಯಬೇಕೆಂದು ಅವರಿಗೆ ತೋರುವುದಿಲ್ಲ. ಓದುವ ಶಿಕ್ಷಕರಿಗಾದರೋ ಹಾಳೆಯ ಮೇಲಿರುವುದಷ್ಟೇ ಲಭ್ಯ.

'ಸತುವಿನ ಚೂರುಗಳಿಗೆ 5 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿ' ಎಂಬ ವಾಕ್ಯವನ್ನು ಪರಿಶೀಲಿಸಬಹುದು. ಅಂಗಡಿಯಿಂದ ತಂದ ಬಾಟಲಿಯಲ್ಲಿರುವ ಸಾರಯುಕ್ತ ಹೈಡ್ರೋಕ್ಲೋರಿಕ್ ಆಮ್ಲದ ಸಾರತೆ ಸುಮಾರು 11ರಿಂದ 12 ಮೋಲಾರ್. ತರಗತಿಯ ಪ್ರಯೋಗಕ್ಕೆ ಬೇಕಾಗುವುದು ಸಾಮಾನ್ಯವಾಗಿ 1 ಅಥವಾ 2 ಮೋಲಾರ್. ವಾಕ್ಯದಲ್ಲಿ ಸಾರತೆಯನ್ನು ಹೇಳದಿದ್ದಲ್ಲಿ ಓದುವವರು ಬಾಟಲಿಯ ಆಮ್ಲವನ್ನೇ ನೇರವಾಗಿ ಬಳಸುವ ಸಂಭವವಿದೆ. ಕ್ರಿಯೆಯು ಹಲವು ಪಟ್ಟು ರಭಸದಿಂದ ನಡೆದು ಆಮ್ಲ ಹೊರಚಿಮ್ಮುತ್ತದೆ. 'ಸಾರರಿಕ್ತ' ಎಂಬ ಒಂದು ಪದವನ್ನು ಸೇರಿಸಿದರೂ ಸಾಲದು. ದ್ರಾವಣವನ್ನು ತಯಾರಿಸುವ ಕ್ರಮವನ್ನೂ ಬರೆಯುವುದು ಒಳ್ಳೆಯದು: 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 1 ಲೀಟರ್ ದ್ರಾವಣಕ್ಕೆ ಸಾರಯುಕ್ತ ಆಮ್ಲ ಸುಮಾರು 85 ಮಿ.ಲೀ. ಬೇಕಾಗುತ್ತದೆ; ಶೇಕಡ 98ರ ಸಲ್ಫ್ಯೂರಿಕ್ ಆಮ್ಲವಾದರೆ ಸುಮಾರು 55 ಮಿ.ಲೀ. ಸಾಕು. ಎರಡರಲ್ಲಿಯೂ ಹೆಚ್ಚಿನ ನೀರನ್ನು ಮೊದಲು ಪಾತ್ರೆಯಲ್ಲಿ ತೆಗೆದುಕೊಂಡು, ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಕಲಕುತ್ತ ಸೇರಿಸಿ, ತಣ್ಣಗಾದ ನಂತರ 1 ಲೀಟರ್‌ಗೆ ಪೂರ್ಣಗೊಳಿಸಬೇಕು.

ಇಲ್ಲಿ ಕನ್ನಡದ ವಿಭಕ್ತಿ ಪ್ರತ್ಯಯದ ಬಗ್ಗೆ ಎಚ್ಚರ ಅಗತ್ಯ. 'ನೀರಿಗೆ ಆಮ್ಲವನ್ನು ಸೇರಿಸಿ' ಎಂಬುದು ಸರಿಯಾದ ಸೂಚನೆ. 'ನೀರನ್ನು ಆಮ್ಲಕ್ಕೆ ಸೇರಿಸಿ' ಎಂಬುದು ಅಪಘಾತಕ್ಕೆ ಆಹ್ವಾನ. ಸಾರಯುಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಬಿದ್ದ ನೀರು ಆಗ ಹೊಮ್ಮುವ ಶಾಖದಿಂದ ಕುದಿದು ಆಮ್ಲವನ್ನು ಮುಖದತ್ತ ಎರಚಬಲ್ಲದು. ಎರಡು ವಾಕ್ಯಗಳಲ್ಲಿಯೂ ಪದಗಳು ಅವೇ, ಅದೇ ಅನುಕ್ರಮದಲ್ಲಿಯೂ ಇವೆ. ವ್ಯತ್ಯಾಸವಿರುವುದು ಪ್ರತ್ಯಯದಲ್ಲಿ ಮಾತ್ರ. ಯಂತ್ರಾನುವಾದದಲ್ಲಿ ಈ ಪ್ರತ್ಯಯಗಳು ಅದಲುಬದಲಾಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ಇಂಗ್ಲಿಷ್‌ನಿಂದ ಅನುವಾದಿಸಿದ ಪ್ರಯೋಗದ ಸೂಚನೆಗಳನ್ನು ವಿಷಯ ಬಲ್ಲವರೊಬ್ಬರು ಪದಶಃ ಓದಿದ ಮೇಲಷ್ಟೇ ಹಂಚುವುದು ಉಚಿತ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಪಡೆದ ಬರಹ ಮತ್ತು ಚಿತ್ರಗಳಿಗೂ ಇದು ಅನ್ವಯಿಸುತ್ತದೆ.

ಸ್ಥಳೀಯ ಪರಿಸ್ಥಿತಿಯನ್ನು ನಮೂದಿಸುವುದು

ಪ್ರಯೋಗವೊಂದು ಒಂದು ಊರಿನಲ್ಲಿ ಸಫಲವಾಗಿ ಮತ್ತೊಂದು ಊರಿನಲ್ಲಿ ವಿಫಲವಾಗಲು ಹಲವು ಬಾರಿ ನೀರೇ ಕಾರಣ. ಉದಾಹರಣೆಗೆ, ಮಲೆನಾಡಿನ ಶಾಲೆಯೊಂದರ ಶಿಕ್ಷಕರು ಉಪ್ಪಿನ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಸೇರಿಸಿ ಬಿಳಿಯ ಪ್ರಕ್ಷೇಪವನ್ನು ತೋರಿಸುವ ಚಟುವಟಿಕೆಯನ್ನು ಬರೆದು, ಹೋಲಿಕೆಗಾಗಿ ಮತ್ತೊಂದು ಪ್ರನಾಳದಲ್ಲಿ ಬರಿಯ ನೀರನ್ನು ಇಡಲು ಸೂಚಿಸಿದ್ದಾರೆ ಎಂದು ಭಾವಿಸಬಹುದು. ಅವರ ಹಳ್ಳದ ನೀರಿನಲ್ಲಿ ಲವಣಾಂಶ ಕಡಿಮೆ. ಎರಡನೆಯ ಪ್ರನಾಳ ತಿಳಿಯಾಗಿಯೇ ಉಳಿಯುತ್ತದೆ. ಅದೇ ಹಾಳೆಯನ್ನು ಬಯಲುಸೀಮೆಯ ಶಾಲೆಯಲ್ಲಿ ಕೊಳವೆಬಾವಿಯ ನೀರಿನಿಂದ ಮಾಡಿದರೆ, ಆ ನೀರಿನಲ್ಲಿರುವ ಕ್ಲೋರೈಡ್‌ನಿಂದಾಗಿ ಎರಡೂ ಪ್ರನಾಳಗಳು ಬೆಳ್ಳಗಾಗುತ್ತವೆ. ಮಕ್ಕಳು ಬರೆದುಕೊಳ್ಳಬೇಕಾದ ನಿರ್ಣಯ ಕೆಟ್ಟುಹೋಗುತ್ತದೆ.

ಇದು ಪ್ರಯೋಗದ ದೋಷವಲ್ಲ, ವಿವರಣೆಯ ಕೊರತೆ. ಬಟ್ಟಿ ಇಳಿಸಿದ ನೀರನ್ನು ಬಳಸಬೇಕೆಂದು ಒಂದು ವಾಕ್ಯ ಇದ್ದಿದ್ದರೆ ಸಾಕಿತ್ತು. ಪ್ರಯೋಗಾಲಯ ಇಲ್ಲದ ಶಾಲೆಗೆ ವಾಹನದ ಬ್ಯಾಟರಿಗಾಗಿ ಗ್ಯಾರೇಜು ಮತ್ತು ಪೆಟ್ರೋಲ್ ಬಂಕುಗಳಲ್ಲಿ ಮಾರುವ ಲವಣರಹಿತ ನೀರು ಈ ಕಾರ್ಯಕ್ಕೆ ಒದಗುತ್ತದೆ. ಮಳೆಗಾಲದಲ್ಲಿ ಮೊದಲ ಮಳೆ ಕಳೆದ ನಂತರ ಶುದ್ಧ ಪಾತ್ರೆಯಲ್ಲಿ ನೇರವಾಗಿ ಹಿಡಿದ ನೀರೂ ಆಗಬಹುದು. ಬಯಲುಸೀಮೆಯ ಶಿಕ್ಷಕರು ತಮ್ಮ ಅನುಭವವನ್ನು ಮೂಲ ಹಾಳೆಗೆ ಟಿಪ್ಪಣಿಯಾಗಿ ಸೇರಿಸಿದಲ್ಲಿ ಆ ಹಾಳೆಯು ಅದನ್ನು ಮೊದಲು ಬರೆದವರ ಕೈಯಲ್ಲಿದ್ದುದಕ್ಕಿಂತ ಉತ್ತಮವಾಗುತ್ತದೆ. ಅಷ್ಟೇ ಅಲ್ಲ, ಎರಡನೆಯ ಪ್ರನಾಳ ಏಕೆ ಬೆಳ್ಳಗಾಯಿತು ಎಂಬ ಪ್ರಶ್ನೆ ತಾನೇ ಒಂದು ಒಳ್ಳೆಯ ಪಾಠವಾಗುತ್ತದೆ. ಸಾಬೂನು ನೊರೆಗಟ್ಟದ ತಮ್ಮ ಊರಿನ ನೀರಿನ ಬಗ್ಗೆ ಮಕ್ಕಳಿಗೆ ಹೇಳಲು ಬೇಕಾದಷ್ಟಿರುತ್ತದೆ. ವಿನಿಮಯದಿಂದ ದೊರೆಯುವ ನಿಜವಾದ ಲಾಭ ಇದೇ ಆಗಿದ್ದು, ಕಡತಗಳ ಸಂಖ್ಯೆ ಬೆಳೆಯುವುದು ಅದಕ್ಕೆ ಹೋಲಿಸಿದರೆ ಗೌಣ.

ಸಸ್ಯಮೂಲದ ಸೂಚಕಗಳ ವಿಷಯದಲ್ಲಿಯೂ ಇದೇ ಮಾತು. ದಾಸವಾಳದ ಹೂವಿನ ರಸವು ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆದರೆ ಬೈಕಾರ್ಬೊನೇಟ್ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ರಸವನ್ನು ತೆಗೆದರೆ ಪ್ರಯೋಗ ಆರಂಭಿಸುವ ಮೊದಲೇ ಕೆಂಪು ಮಾಸಿರುತ್ತದೆ. ಇಂಗ್ಲಿಷ್ ಸಾಮಗ್ರಿಗಳಲ್ಲಿ ಪದೇ ಪದೇ ಕಂಡುಬರುವ ಕೆಂಪು ಎಲೆಕೋಸು ನಮ್ಮ ಹಳ್ಳಿಯ ಸಂತೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ; ಅದರ ಬದಲಿಗೆ ನೇರಳೆ ಹಣ್ಣಿನ ಸಿಪ್ಪೆ, ಶಂಖಪುಷ್ಪ ಅಥವಾ ದಾಸವಾಳವನ್ನು ಸೂಚಿಸಬಹುದು. ಅರಿಶಿನವಂತೂ ಎಲ್ಲ ಮನೆಗಳಲ್ಲಿಯೂ ಇದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಸಿದ್ಧಪಡಿಸುವುದನ್ನು ನೋಡಿದ ಮಗುವು ಪ್ರತ್ಯಾಮ್ಲದ ಪರೀಕ್ಷೆಯನ್ನು ಶಾಲೆಗೆ ಬರುವ ಮೊದಲೇ ಕಂಡಿರುತ್ತದೆ. ಆ ಕೆಂಪು ನೀರಿಗೆ ನಿಂಬೆರಸ ಹಿಂಡಿದಾಗ ಹಳದಿ ಮರಳುತ್ತದೆ. ಅರಿಶಿನವು ಆಮ್ಲ ಮತ್ತು ತಟಸ್ಥ ದ್ರಾವಣಗಳೆರಡರಲ್ಲಿಯೂ ಹಳದಿಯಾಗಿಯೇ ಉಳಿಯುವುದರಿಂದ, ಅದೊಂದರಿಂದಲೇ ಇವೆರಡನ್ನು ಬೇರ್ಪಡಿಸಿ ಗುರುತಿಸಲಾಗದು ಎಂಬುದನ್ನೂ ಹಾಳೆಯಲ್ಲಿ ನಮೂದಿಸಬೇಕು.

ತಪ್ಪು ಪ್ರಯೋಗಗಳ ಪ್ರಸಾರ

ಹಂಚಿಕೆ ಸುಲಭವಾದಷ್ಟೂ ತಪ್ಪು ಕೂಡ ಸುಲಭವಾಗಿ ಹರಡುತ್ತದೆ. ಇದಕ್ಕೆ ಪ್ರಸಿದ್ಧ ನಿದರ್ಶನ ಮೇಣದಬತ್ತಿಯ ಪ್ರಯೋಗ. ನೀರಿರುವ ತಟ್ಟೆಯಲ್ಲಿ ಉರಿಯುವ ಮೇಣದಬತ್ತಿಯನ್ನು ನಿಲ್ಲಿಸಿ ಗಾಜಿನ ಲೋಟವನ್ನು ಬೋರಲು ಹಾಕಿದಾಗ ಬತ್ತಿ ಆರಿ, ನೀರು ಲೋಟದೊಳಕ್ಕೆ ಏರುತ್ತದೆ. ಬತ್ತಿಯು ಆಕ್ಸಿಜನ್ ಅನ್ನು ಪೂರ್ಣವಾಗಿ ಬಳಸಿಕೊಂಡದ್ದರಿಂದ ನೀರು ಐದನೆಯ ಒಂದು ಭಾಗ ಏರಿತು, ಆದ್ದರಿಂದ ಗಾಳಿಯಲ್ಲಿ ಆಕ್ಸಿಜನ್ ಐದನೆಯ ಒಂದು ಭಾಗ ಇದೆ ಎಂಬ ವಿವರಣೆಯು ಪುಸ್ತಕಗಳಿಂದ ಅಭ್ಯಾಸಹಾಳೆಗಳಿಗೆ, ಅಲ್ಲಿಂದ ವೀಡಿಯೊಗಳಿಗೆ ನಕಲಾಗುತ್ತ ಬಂದಿದೆ.

ಗಾಳಿಯಲ್ಲಿರುವ ಆಕ್ಸಿಜನ್ ಸುಮಾರು ಶೇಕಡ 21 ಎಂಬುದು ನಿಜ. ಆದರೆ ಈ ಪ್ರಯೋಗವು ಅದನ್ನು ಸಾಧಿಸುವುದಿಲ್ಲ. ಮುಚ್ಚಿದ ಲೋಟದಲ್ಲಿ ಮೇಣದಬತ್ತಿ ಆರುವಾಗ ಆಕ್ಸಿಜನ್‌ನ ಬಹುಭಾಗ ಇನ್ನೂ ಉಳಿದಿರುತ್ತದೆ. ಬಳಕೆಯಾದ ಆಕ್ಸಿಜನ್‌ನ ಸ್ಥಾನದಲ್ಲಿ ಕಾರ್ಬನ್ ಡೈಆಕ್ಸೈಡ್ ಉಂಟಾಗಿರುತ್ತದೆ. ನೀರು ಏರುವುದಕ್ಕೆ ಮುಖ್ಯ ಕಾರಣವೆಂದರೆ, ಜ್ವಾಲೆಯಿಂದ ಬಿಸಿಯಾಗಿ ಹಿಗ್ಗಿದ್ದ ಗಾಳಿಯು ಬತ್ತಿ ಆರಿದ ಮೇಲೆ ತಣಿದು ಸಂಕುಚಿಸುವುದು. ಗಮನವಿಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಬತ್ತಿ ಉರಿಯುತ್ತಿರುವಾಗ ನೀರು ಹೆಚ್ಚು ಏರುವುದಿಲ್ಲ, ಆರಿದ ಕೂಡಲೇ ಸರ್ರನೆ ಏರುತ್ತದೆ. ಒಂದು ಬತ್ತಿಯ ಬದಲು ಮೂರನ್ನು ಇಟ್ಟರೆ ನೀರು ಇನ್ನೂ ಹೆಚ್ಚು ಏರುತ್ತದೆ. ಲೋಟದಲ್ಲಿದ್ದ ಆಕ್ಸಿಜನ್ ಮಾತ್ರ ಅಷ್ಟೇ.

ಸರಿಯಾದ ಪ್ರಯೋಗ ನಿಧಾನವಾದುದು. ಪಾತ್ರೆ ಉಜ್ಜಲು ಬಳಸುವ ನವುರಾದ ಕಬ್ಬಿಣದ ಎಳೆಗಳ ಉಂಡೆಯನ್ನು (ತುಕ್ಕು ಹಿಡಿಯದ ಉಕ್ಕಿನದಾಗಿರಬಾರದು) ವಿನೆಗರ್‌ನಲ್ಲಿ ಅದ್ದಿ ತೊಳೆದು, ಒದ್ದೆಯಿರುವಾಗಲೇ ಉದ್ದನೆಯ ಪ್ರನಾಳದ ತಳದಲ್ಲಿ ಸಿಕ್ಕಿಸಿ, ಪ್ರನಾಳವನ್ನು ನೀರಿನಲ್ಲಿ ಬೋರಲಾಗಿ ನಿಲ್ಲಿಸಿ ಬಿಡಬೇಕು. ಕಬ್ಬಿಣವು ತುಕ್ಕು ಹಿಡಿಯುತ್ತ ಆಕ್ಸಿಜನ್ ಅನ್ನು ಬಳಸಿಕೊಂಡಂತೆ ನೀರು ಕ್ರಮೇಣ ಸುಮಾರು ಐದನೆಯ ಒಂದು ಭಾಗದವರೆಗೆ ಏರಿ ನಿಲ್ಲುತ್ತದೆ. ಒಂದು ಅವಧಿಯಲ್ಲಿ ಮುಗಿಯದಿದ್ದುದರಿಂದಲೋ ಏನೋ ಇದು ಮೇಣದಬತ್ತಿಯಷ್ಟು ಜನಪ್ರಿಯವಾಗಿಲ್ಲ.

ಸಾಮಗ್ರಿಯನ್ನು ಹಂಚುವ ಮೊದಲು ಶಿಕ್ಷಕರು ಆ ಪ್ರಯೋಗವನ್ನು ಸ್ವತಃ ಮಾಡಿ ನೋಡಿರುವುದು ಅವಶ್ಯ. ಮಾಡಿ ನೋಡದೆ ಬೇರೆಡೆಯಿಂದ ಪಡೆದದ್ದಾಗಿದ್ದರೆ ಹಾಗೆಂದು ಹಾಳೆಯ ಮೇಲೆಯೇ ಬರೆಯುವುದರಲ್ಲಿ ಯಾವ ಸಂಕೋಚವೂ ಬೇಕಿಲ್ಲ.

ಸುರಕ್ಷತೆ

ಅಂತರ್ಜಾಲದಲ್ಲಿ ಹೆಚ್ಚು ನೋಡುಗರನ್ನು ಸೆಳೆಯುವುದು ಬೆಂಕಿ, ಹೊಗೆ ಮತ್ತು ಸ್ಫೋಟವಿರುವ ಪ್ರದರ್ಶನಗಳು. ಅವು ತರಗತಿಗೆ ತಕ್ಕವೆಂದು ಭಾವಿಸತಕ್ಕದ್ದಲ್ಲ. ಇದಕ್ಕೆ ದಾಖಲಿತ ಉದಾಹರಣೆಯು ಅಮೆರಿಕದಲ್ಲಿದೆ. ವಿವಿಧ ಲವಣಗಳನ್ನು ಮೆಥನಾಲ್‌ನಲ್ಲಿ ಬೆರೆಸಿ ಹೊತ್ತಿಸಿ ಬಣ್ಣಬಣ್ಣದ ಜ್ವಾಲೆಗಳನ್ನು ತೋರಿಸುವ 'ಕಾಮನಬಿಲ್ಲು' ಪ್ರದರ್ಶನವು ಅಲ್ಲಿ ಬಹುಕಾಲ ಪ್ರಚಲಿತವಿತ್ತು. ಇದರಿಂದ ವಿದ್ಯಾರ್ಥಿಗಳು ತೀವ್ರ ಸುಟ್ಟಗಾಯಗಳಿಗೆ ಒಳಗಾದ ಹಲವು ಘಟನೆಗಳು ನಡೆದವು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯು 2013ರ ಡಿಸೆಂಬರ್‌ನಲ್ಲಿ ಗಾಯಾಳು ವಿದ್ಯಾರ್ಥಿನಿಯೊಬ್ಬರ ಅನುಭವವನ್ನು ಆಧರಿಸಿದ ಎಚ್ಚರಿಕೆಯ ವೀಡಿಯೊವನ್ನು ಪ್ರಕಟಿಸಿತು. 2014ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸುರಕ್ಷತಾ ಸಮಿತಿಯು ಮೆಥನಾಲ್ ಬಳಸಿ ಈ ಪ್ರದರ್ಶನ ಮಾಡುವುದನ್ನು ನಿಲ್ಲಿಸುವಂತೆ ಶಿಫಾರಸು ಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡೆನ್ವರ್ ನಗರದ ಶಾಲೆಯೊಂದರಲ್ಲಿಯೂ, ರೀನೋ ನಗರದ ವಿಜ್ಞಾನ ವಸ್ತುಸಂಗ್ರಹಾಲಯವೊಂದರಲ್ಲಿಯೂ ಮೆಥನಾಲ್ ಬಳಸಿದ ಪ್ರದರ್ಶನಗಳಲ್ಲಿ ಮತ್ತೆ ಬೆಂಕಿ ಹೊತ್ತಿ ಮಕ್ಕಳು ಗಾಯಗೊಂಡರು. ಎಚ್ಚರಿಕೆ ಪ್ರಕಟವಾಗಿತ್ತು; ಹಳೆಯ ಸಾಮಗ್ರಿಯ ಬಳಕೆ ಮಾತ್ರ ನಿಂತಿರಲಿಲ್ಲ.

ಇಂತಹ ಅಪಘಾತಗಳ ಕಾರ್ಯಕಾರಣ ತಿಳಿದಿರುವುದು ಒಳಿತು. ಮೆಥನಾಲ್ ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗಿ ಹೊತ್ತಿಕೊಳ್ಳಬಲ್ಲದು. ಅದರ ಜ್ವಾಲೆಯು ಹಗಲಿನ ಬೆಳಕಿನಲ್ಲಿ ಬಹುತೇಕ ಕಾಣುವುದಿಲ್ಲ. ಬೆಂಕಿ ಆರಿತೆಂದು ತಿಳಿದು ದೊಡ್ಡ ಬಾಟಲಿಯಿಂದ ಮತ್ತೆ ಸುರಿದಾಗ ಜ್ವಾಲೆಯು ಬಾಟಲಿಯೊಳಕ್ಕೆ ನುಗ್ಗಿ, ಉರಿಯುವ ದ್ರವವನ್ನು ಮುಂದಿನ ಸಾಲಿನ ಮಕ್ಕಳತ್ತ ಚಿಮ್ಮಿಸುತ್ತದೆ. ಜ್ವಾಲಾ ಪರೀಕ್ಷೆಯ ತತ್ತ್ವವನ್ನು ತೋರಿಸಲು ಇದಾವುದೂ ಬೇಕಿಲ್ಲ. ಲವಣದ ಜಲದ್ರಾವಣದಲ್ಲಿ ನೆನೆಸಿದ ಮರದ ಕಡ್ಡಿಯನ್ನು ಅಥವಾ ನೈಕ್ರೋಮ್ ತಂತಿಯನ್ನು ಬರ್ನರ್‌ನ ಜ್ವಾಲೆಯಲ್ಲಿ ಹಿಡಿದರೆ ಅದೇ ಬಣ್ಣಗಳು ಕಾಣುತ್ತವೆ.

ಆದ್ದರಿಂದ ಪ್ರಯೋಗದ ಹಾಳೆಯಲ್ಲಿ ಕನ್ನಡಕ ಮತ್ತು ಕೈಗವಸಿನ ಅಗತ್ಯ, ಕೊಠಡಿಯ ಗಾಳಿ ಬೆಳಕು, ಶಿಕ್ಷಕರು ಮಾತ್ರ ಮಾಡಬೇಕಾದ ಹಂತಗಳು, ಉಳಿದ ರಾಸಾಯನಿಕವನ್ನು ವಿಲೇವಾರಿ ಮಾಡುವ ಕ್ರಮ ಇವೆಲ್ಲವನ್ನೂ ಆಯಾ ಹಂತದ ಪಕ್ಕದಲ್ಲಿಯೇ ನಮೂದಿಸಬೇಕು. ಕೊನೆಯ ಪುಟದಲ್ಲಿ 'ಸೂಕ್ತ ಮುನ್ನೆಚ್ಚರಿಕೆ ವಹಿಸಿ' ಎಂದು ಬರೆಯುವುದರಿಂದ ಪ್ರಯೋಜನವಿಲ್ಲ. ಅಮೋನಿಯಂ ಡೈಕ್ರೋಮೇಟ್‌ನ 'ಜ್ವಾಲಾಮುಖಿ'ಯಂತಹ ಹಳೆಯ ಪ್ರದರ್ಶನಗಳನ್ನು ಹಂಚದಿರುವುದೇ ಮೇಲು. ಆ ವರ್ಗದ ಕ್ರೋಮಿಯಂ ಸಂಯುಕ್ತಗಳು ಕ್ಯಾನ್ಸರ್‌ಕಾರಕಗಳೆಂದು ದೃಢಪಟ್ಟಿದೆ.

ಅಪಾಯಕಾರಿ ಪ್ರಯೋಗಗಳಿಗೆ ಬದಲಾಗಿ ಅನುಕರಣ ತಂತ್ರಾಂಶಗಳನ್ನು ಬಳಸಬಹುದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಅನುಕರಣಗಳಲ್ಲಿ ಸಮೀಕರಣಗಳನ್ನು ಸರಿದೂಗಿಸುವುದು, ಪರಮಾಣುವಿನ ರಚನೆ, ಪಿಎಚ್ ಮಾಪಕ ಮುಂತಾದವು ಇದ್ದು, ಕೆಲವು ಕನ್ನಡದಲ್ಲಿಯೂ ದೊರೆಯುತ್ತವೆ. ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ನಡೆಯುತ್ತವೆ. ಮುಂಬೈನ ಸಿ-ಡ್ಯಾಕ್ ಮತ್ತು ಅಮೃತ ವಿಶ್ವವಿದ್ಯಾಪೀಠ ರೂಪಿಸಿರುವ ಆನ್‌ಲೈನ್ ಲ್ಯಾಬ್‌ಗಳೂ ಇವೆ. ಇವು ಪ್ರಯೋಗಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಅಮೋನಿಯದ ಘಾಟು ಪರದೆಯ ಮೂಲಕ ಬರುವುದಿಲ್ಲ.

ಪರಿಭಾಷೆ, ಲಿಪಿ ಮತ್ತು ಕಡತದ ರೂಪ

ಕನ್ನಡ ಮಾಧ್ಯಮದ ಸಾಮಗ್ರಿಯಲ್ಲಿ ಪಠ್ಯಪುಸ್ತಕದ ಪರಿಭಾಷೆಯನ್ನೇ ಅನುಸರಿಸುವುದು ಸೂಕ್ತ. ಆಕ್ಸಿಜನ್, ಆಮ್ಲಜನಕ ಎಂಬ ಎರಡೂ ಪದಗಳು ಬಳಕೆಯಲ್ಲಿರುವುದರಿಂದ ಮೊದಲ ಬಾರಿ ಎರಡನ್ನೂ ಬರೆದು ನಂತರ ಒಂದನ್ನೇ ಬಳಸಬಹುದು. ಇನ್ನು ಕೆಲವು ಪದಗಳು ಅರ್ಥವನ್ನೇ ಕೆಡಿಸುವಂತಹವು. ರಸಾಯನಶಾಸ್ತ್ರದಲ್ಲಿ ಪರಮಾಣುಗಳು ಕೂಡಿ ಆಗುವುದು ಅಣು. ಆದರೆ ಅಣುಶಕ್ತಿ, ಅಣುಬಾಂಬ್ ಎಂಬ ರೂಢಿಯ ಮಾತುಗಳಲ್ಲಿ ಅದೇ ಪದ ಪರಮಾಣುವನ್ನು ಸೂಚಿಸುತ್ತದೆ. 'ದುರ್ಬಲ ಆಮ್ಲ' ಎಂಬುದು ಮತ್ತೂ ತೊಡಕಿನದು. ನೀರಿನಲ್ಲಿ ಭಾಗಶಃ ಮಾತ್ರ ಅಯಾನೀಕರಣಗೊಳ್ಳುವ ಅಸಿಟಿಕ್ ಆಮ್ಲದಂತಹವು ದುರ್ಬಲ ಆಮ್ಲಗಳು. ಹೆಚ್ಚು ನೀರು ಬೆರೆಸಿದ ಆಮ್ಲವು ಸಾರರಿಕ್ತ ಆಮ್ಲ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವು ಪ್ರಬಲ ಆಮ್ಲವೇ. ಇವೆರಡನ್ನೂ 'ದುರ್ಬಲ' ಎಂದು ಬರೆದ ಹಾಳೆಯಿಂದ ಕಲಿತ ವಿದ್ಯಾರ್ಥಿಯು ಪದವಿಪೂರ್ವ ತರಗತಿಯಲ್ಲಿ ಆ ಅಭ್ಯಾಸವನ್ನು ಬಿಡಲು ಬಹಳ ಕಷ್ಟಪಡುತ್ತಾನೆ.

ಕನ್ನಡ ಕಡತಗಳನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡುವುದು ಅತ್ಯವಶ್ಯ. ಹಿಂದಿನ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳು, ಆ ಅಕ್ಷರವಿನ್ಯಾಸವಿಲ್ಲದ ಗಣಕಯಂತ್ರ ಅಥವಾ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಶೋಧನೆಗೂ ಅವು ಸಿಗುವುದಿಲ್ಲ. ಎಷ್ಟೋ ಶಿಕ್ಷಕರ ವರ್ಷಗಳ ಶ್ರಮ ಈ ಒಂದು ಕಾರಣದಿಂದ ಇತರರಿಗೆ ಒದಗದೆ ಉಳಿದಿದೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆಯಾದರೂ, ಪರಿವರ್ತನೆಯ ನಂತರ ಒತ್ತಕ್ಷರಗಳನ್ನೂ ಅಣುಸೂತ್ರಗಳ ಕೆಳಸಂಖ್ಯೆಗಳನ್ನೂ ಕಣ್ಣಿಟ್ಟು ನೋಡಬೇಕು. ಕೆಳಸಂಖ್ಯೆಯು ಸಾಲಿಗೆ ಏರಿಬಂದರೆ ಸಮೀಕರಣ ಓದಲು ಬಾರದಂತಾಗುತ್ತದೆ.

ಹಾಳೆಯನ್ನು ಚಿತ್ರವನ್ನಾಗಿ ತೆಗೆದು ಕಳುಹಿಸುವ ರೂಢಿ ಹೆಚ್ಚಿದೆ. ಚಿತ್ರವನ್ನು ತಿದ್ದಲಾಗದು, ದೃಷ್ಟಿದೋಷವುಳ್ಳವರು ಬಳಸುವ ಓದು ತಂತ್ರಾಂಶಕ್ಕೂ ಅದು ಸುಲಭವಾಗಿ ಒದಗದು. ಮುದ್ರಣಕ್ಕಾಗಿ ಪಿಡಿಎಫ್ ಪ್ರತಿಯನ್ನೂ, ತಿದ್ದುಪಡಿಗಾಗಿ ಲಿಬ್ರೆ ಆಫೀಸ್‌ನಂತಹ ಉಚಿತ ತಂತ್ರಾಂಶದಲ್ಲಿ ತೆರೆಯುವ ಮೂಲ ಕಡತವನ್ನೂ ಒಟ್ಟಿಗೆ ನೀಡುವುದು ಅಪೇಕ್ಷಣೀಯ.

ಶೀರ್ಷಿಕೆಯಲ್ಲಿ ಪಾಠದ ಸಂಖ್ಯೆಯನ್ನಷ್ಟೇ ಬರೆಯದೆ ಪರಿಕಲ್ಪನೆಯ ಹೆಸರನ್ನು ಬರೆಯಬೇಕು. ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ 2023ರ ಪರಿಷ್ಕರಣೆಯಲ್ಲಿ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವನ್ನು ಕೈಬಿಟ್ಟಾಗ ಅದರ ನಂತರದ ಅಧ್ಯಾಯಗಳ ಸಂಖ್ಯೆಗಳು ಬದಲಾದವು. 'ಪಾಠ 6' ಎಂದಷ್ಟೇ ಹೆಸರಿದ್ದ ಕಡತಗಳು ಅಲ್ಲಿಂದ ದಾರಿತಪ್ಪಿಸುವಂತಾದವು.

ಕೃತಿಸ್ವಾಮ್ಯ ಮತ್ತು ಅನುಮತಿ

ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದೆಲ್ಲವೂ ಮರುಬಳಕೆಗೆ ಮುಕ್ತವಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಪ್ರಕರಣವು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡುವುದಕ್ಕೆ ವಿನಾಯಿತಿ ನೀಡಿದೆ. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಿಶ್ವವಿದ್ಯಾಲಯದ ನೆರಳಚ್ಚು ಪ್ರಕರಣದಲ್ಲಿ ನೀಡಿದ ತೀರ್ಪು ಈ ವಿನಾಯಿತಿಯನ್ನು ವಿಶಾಲವಾಗಿ ಅರ್ಥೈಸಿತು. ಆದರೆ ತರಗತಿಯ ಮಕ್ಕಳಿಗೆ ಪ್ರತಿ ನೀಡುವುದು ಬೇರೆ, ಅದೇ ಪುಟಗಳನ್ನು ಎಲ್ಲರಿಗೂ ಲಭ್ಯವಾಗುವಂತೆ ಅಂತರ್ಜಾಲಕ್ಕೆ ಏರಿಸುವುದು ಬೇರೆ. ಖಾಸಗಿ ಪ್ರಕಾಶಕರ ಮಾರ್ಗದರ್ಶಿಯ ಚಿತ್ರವನ್ನು ತಮ್ಮ ಹಾಳೆಗೆ ಅಂಟಿಸಿ ಏರಿಸುವ ಬದಲು ಅದೇ ಉಪಕರಣದ ಚಿತ್ರವನ್ನು ಕೈಯಲ್ಲಿ ಬಿಡಿಸುವುದು ನಿರಾತಂಕ ಮಾರ್ಗ. ಹಲವು ಬಾರಿ ಅದೇ ಹೆಚ್ಚು ಸ್ಪಷ್ಟವಾಗಿಯೂ ಇರುತ್ತದೆ.

ಸ್ವಂತ ಸಾಮಗ್ರಿಯನ್ನು ಇತರರು ಯಾವ ರೀತಿ ಬಳಸಬಹುದು ಎಂಬುದನ್ನು ಮೊದಲ ಪುಟದಲ್ಲಿ ಹೇಳಬೇಕು. ಇದಕ್ಕಾಗಿ 2002ರಿಂದ ಜಾರಿಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನು ಬಳಸುವ ಪದ್ಧತಿಯಿದೆ. ಎಲ್ಲ ಸಾಮಾನ್ಯ ಪರವಾನಗಿಗಳಲ್ಲಿಯೂ ಮೂಲ ಕರ್ತೃವಿನ ಹೆಸರನ್ನು ಉಲ್ಲೇಖಿಸುವುದು ಕಡ್ಡಾಯ. ಮಾರ್ಪಡಿಸಿದವರು ತಮ್ಮ ಆವೃತ್ತಿಯನ್ನೂ ಅದೇ ಷರತ್ತಿನಲ್ಲಿ ಹಂಚಬೇಕೆಂದು ವಿಧಿಸಬಹುದು. ವಾಣಿಜ್ಯ ಬಳಕೆಯನ್ನು ನಿರ್ಬಂಧಿಸಬಹುದು. ಮಾರ್ಪಾಡನ್ನೇ ನಿಷೇಧಿಸುವ ಪರವಾನಗಿಯೂ ಇದೆ. ಅದನ್ನು ಆಯ್ದ ಸಾಮಗ್ರಿಯ ಕನ್ನಡ ಅನುವಾದವನ್ನು ಹಂಚುವುದಕ್ಕೂ ಪ್ರತ್ಯೇಕ ಅನುಮತಿ ಬೇಕಾಗುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಮೇಲೆ ವಿವರಿಸಿದ ಕೊಳವೆಬಾವಿ ನೀರಿನ ಟಿಪ್ಪಣಿಯಂತಹ ಸೇರ್ಪಡೆಗೂ ಅದು ಅಡ್ಡಿ.

ಸರ್ಕಾರಿ ಶಾಲೆಯ ಶಿಕ್ಷಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸರ್ಕಾರದ ನಿರ್ದೇಶನ ಅಥವಾ ನಿಯಂತ್ರಣದಲ್ಲಿ ರಚಿತವಾದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಸರ್ಕಾರವೇ ಪ್ರಥಮ ಸ್ವಾಮಿ ಎಂದು ಅಧಿನಿಯಮದ 17ನೇ ಪ್ರಕರಣ ಹೇಳುತ್ತದೆ. ತರಬೇತಿ ಅಥವಾ ನಿಯೋಜನೆಯ ಭಾಗವಾಗಿ ಸಿದ್ಧಪಡಿಸ��ದ ಸಾಮಗ್ರಿಯನ್ನು ಸ್ವಂತ ಹೆಸರಿನಲ್ಲಿ ಪರವಾನಗಿಯೊಡನೆ ಹಂಚುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ.

ಮಕ್ಕಳ ಮುಖ, ಹೆಸರು, ಅಂಕಗಳು ಕಾಣುವ ಛಾಯಾಚಿತ್ರ ಮತ್ತು ಉತ್ತರಪತ್ರಿಕೆಗಳನ್ನು ಸಾಮಗ್ರಿಯಲ್ಲಿ ಸೇರಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರನ್ನು ಮಗು ಎಂದು ಪರಿಗಣಿಸಿ, ಪೋಷಕರ ಸಮ್ಮತಿಯನ್ನು ಅಗತ್ಯವಾಗಿಸುತ್ತದೆ. ಪ್ರಯೋಗದ ವೀಡಿಯೊದಲ್ಲಿ ಕೈಗಳು ಮತ್ತು ಉಪಕರಣ ಕಂಡರೆ ಸಾಕು.

ತಿದ್ದುಪಡಿ

ಹಂಚಿದ ಪ್ರತಿಯೊಂದು ಕಡತದ ಮೇಲೆ ಸಿದ್ಧಪಡಿಸಿದ ದಿನಾಂಕ, ಕೊನೆಯ ಬಾರಿ ತಿದ್ದಿದ ದಿನಾಂಕ ಮತ್ತು ತಿದ್ದಿದ್ದು ಏನು ಎಂಬುದು ಇರತಕ್ಕದ್ದು. ಕಡತಗಳು ಪೆನ್ ಡ್ರೈವ್ ಮೂಲಕ, ಮುದ್ರಿತ ಪ್ರತಿಗಳ ಮೂಲಕ ಸಂಪರ್ಕವಿಲ್ಲದ ಶಾಲೆಗಳಿಗೂ ಹೋಗುತ್ತವೆ. ಅಲ್ಲಿನ ಶಿಕ್ಷಕರಿಗೆ ತಮ್ಮ ಕೈಯಲ್ಲಿರುವುದು ಹಳೆಯದೋ ಹೊಸದೋ ಎಂದು ತಿಳಿಯಲು ಆ ದಿನಾಂಕವೊಂದೇ ಆಧಾರ.

ತಪ್ಪನ್ನು ಕಂಡವರು 'ಸರಿಯಿಲ್ಲ' ಎಂದಷ್ಟೇ ತಿಳಿಸದೆ, ಯಾವ ಹಂತದಲ್ಲಿ, ಯಾವ ಪ್ರಮಾಣದಲ್ಲಿ, ಯಾವ ನೀರು ಮತ್ತು ಯಾವ ಸಾರತೆಯ ದ್ರಾವಣ ಬಳಸಿದಾಗ ಏನಾಯಿತು ಎಂಬುದನ್ನು ಬರೆದು ತಿಳಿಸಿದರೆ ಮೂಲ ಶಿಕ್ಷಕರಿಗೆ ಪರಿಶೀಲಿಸಲು ಅನುಕೂಲ. ಕಾಗುಣಿತದ ತಪ್ಪನ್ನು ಬಿಡುವಿದ್ದಾಗ ತಿದ್ದಬಹುದು. ಸುರಕ್ಷತೆಗೆ ಸಂಬಂಧಿಸಿದ ತಪ್ಪಾದರೆ ಸಾಮಗ್ರಿಯನ್ನು ಮೊದಲು ಹಿಂದಕ್ಕೆ ಪಡೆಯಬೇಕು; ಅದೇ ಸ್ಥಳದಲ್ಲಿ ಹಿಂಪಡೆದ ಕಾರಣವನ್ನು ಎದ್ದುಕಾಣುವಂತೆ ಬರೆದಿಡಬೇಕು. ತಿದ್ದಿದ ಪ್ರತಿಯನ್ನು ಪ್ರಯೋಗ ಮಾಡಿ ನೋಡಿದ ನಂತರ ಹೊಸ ದಿನಾಂಕದೊಡನೆ ಏರಿಸಬೇಕು. ಕಾರಣವನ್ನು ಬರೆಯದೆ ಸದ್ದಿಲ್ಲದೆ ಕಡತವನ್ನು ಬದಲಿಸಿದಲ್ಲಿ, ಹಳೆಯ ಪ್ರತಿಯನ್ನು ಈಗಾಗಲೇ ಮುದ್ರಿಸಿ ಪ್ರಯೋಗಾಲಯದ ಗೋಡೆಗೆ ಅಂಟಿಸಿಕೊಂಡಿರುವ ಶಿಕ್ಷಕರಿಗೆ ಅದನ್ನು ತೆಗೆದುಹಾಕಬೇಕೆಂದು ತಿಳಿಯುವುದಿಲ್ಲ.